ಅಂಚಕ್ಕ ಹಾಕಿದ ಬೀಗ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಅಂಚಕ್ಕ ಎಂದೇ ಕರೆಯುತ್ತಿದ್ದರು. ಕಂಪ್ಯೂಟರ್ ಪರದೆಯ ಮೇಲೆ ವಿಡಿಯೋ ಓಡುವ ಚೌಕದ ಸುತ್ತ ಬಳ್ಳಿ, ಎಲೆ, ಮೊಗ್ಗುಗಳ ಅಂಚು ಬರೆಯುವುದು ಅವಳ ಕೆಲಸ. ಇಪ್ಪತ್ತು ವರ್ಷ ಕಸೂತಿ ಅಂಗಡಿಯೊಂದಕ್ಕೆ ಬಟ್ಟೆಯ ಮೇಲೆ ಅಂಚು ಬರೆದುಕೊಟ್ಟು, ಅಂಗಡಿ ಮುಚ್ಚಿದ ಮೇಲೆ ನಲವತ್ತೈದನೇ ವಯಸ್ಸಿನಲ್ಲಿ ಮೌಸ್ ಹಿಡಿದವಳು. ಯಾರೂ ಕಲಿಸಲಿಲ್ಲ, ನೋಡಿ ನೋಡಿ ಕಲಿತಳು.

ಟೈರ್ ಅಂಗಡಿಯ ಮಹಡಿಯಲ್ಲಿ ಮೂರು ಕೋಣೆಯ ಆಫೀಸು. ಮೆಟ್ಟಿಲಿನಿಂದಲೇ ರಬ್ಬರ್ ವಾಸನೆ. ಶಾಲೆಗಳಿಗೆ, ಆಸ್ಪತ್ರೆಗಳಿಗೆ ಪಾಠದ ಡಿಸ್ಕ್ ಮಾಡಿಕೊಡುವುದು ಅಲ್ಲಿನ ವ್ಯಾಪಾರ. ಈಗ ನಡೆಯುತ್ತಿದ್ದದ್ದು ಆಸ್ಪತ್ರೆಯೊಂದರ ಕೆಲಸ: ಮಂಡಿ ಆಪರೇಷನ್ ಆದವರು ಹೇಗೆ ಕೂರಬೇಕು, ಹೇಗೆ ಮೆಟ್ಟಿಲು ಹತ್ತಬೇಕು ಎಂದು ತೋರಿಸುವ ವಿಡಿಯೋ. ಅಂಚು ಬರೆಯುವವಳು ಇವಳು. ಒತ್ತಿದರೆ ಓಡುವ, ಒತ್ತಿದರೆ ನಿಲ್ಲುವ ಗುಂಡಿಗಳನ್ನು ಮಾಡಿ ಎಲ್ಲವನ್ನೂ ಜೋಡಿಸುವವನು ಎದುರು ಮೇಜಿನವನು. ಅವನಿಗೆ ಗುಂಡಿರಾಯ ಎಂದು ಹೆಸರಿಟ್ಟವಳೂ ಇವಳೇ.

"ಅಕ್ಕಾ, ಮತ್ತೆ ಒತ್ತಿದ್ರೂ ಓಡ್ತಿಲ್ಲ," ಎಂದ ಗುಂಡಿರಾಯ. ಇದು ಮೂರನೇ ಸಲ. "ನಿಮ್ಮ ಅಂಚು ತೆಗೆದ್ರೆ ಓಡುತ್ತೆ, ಹಾಕಿದ್ರೆ ನಿಲ್ಲುತ್ತೆ."

"ನನ್ನ ಅಂಚೇನು ನಿನ್ನ ಗುಂಡೀನ ಹಿಡ್ಕೊಂಡು ಕೂತಿದ್ಯಾ? ಅದು ಚಿತ್ರ ಕಣಪ್ಪ, ಪೊಲೀಸಲ್ಲ."

"ಫೈಲಿನ ಬೀಗ ಒಂದ್ಸಲ ತೆಗೀರಿ. ಒಳಗೆ ನೋಡ್ತೀನಿ."

"ಒಳಗೆ ನಿನಗೇನು ನೋಡೋದಿದೆ?"

ಬೀಗ ಎಂದರೆ ಪಾಸ್‌ವರ್ಡ್. ಅದು ಬಿದ್ದ ಮೇಲೆ ಅಂಚನ್ನು ಇಡಿಯಾಗಿ ಜೋಡಿಸಬಹುದಿತ್ತು, ಬಿಚ್ಚಿ ನೋಡುವಂತಿರಲಿಲ್ಲ. ಒಂದು ತಿಂಗಳ ಹಿಂದೆ ಅವಳ ಹೊಸ ಅಂಚು ನೋಡಿ ಗುಂಡಿರಾಯ, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಕ್ಕಾ," ಎಂದು ನಕ್ಕಿದ್ದ. ಅವಳು ನಗಲಿಲ್ಲ. ಅವತ್ತಿನಿಂದ ಅವನನ್ನು ಗಮನಿಸತೊಡಗಿದಳು. ಗಮನಿಸಿದಷ್ಟೂ ಸಿಕ್ಕಿತು. ಅವನ ಮೇಜಿನ ಹತ್ತಿರ ಹೋದರೆ ಸಾಕು, ಪರದೆ ಗೋಡೆಯ ಕಡೆ ತಿರುಗುತ್ತಿತ್ತು. "ಏನು ಮಾಡ್ತಿದ್ದೀಯ?" ಎಂದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗೆ, "ಏನಿಲ್ಲ, ಏನಿಲ್ಲ," ಎಂದು ಎರಡು ಸಲ ಹೇಳುತ್ತಿದ್ದ. ಒಂದು ಸಲ ಹೇಳಿದ್ದರೆ ನಂಬುತ್ತಿದ್ದಳೋ ಏನೋ. ಈ ಆಸ್ಪತ್ರೆಯ ಕೆಲಸ ಬಂದಾಗ ಫೈಲಿಗೆ ಬೀಗ ಹಾಕಿಯೇ ಕೊಟ್ಟಳು.

ಸಂಜೆ ಯಜಮಾನರು ಬಂದು, "ನಾಳೆ ಹನ್ನೊಂದಕ್ಕೆ ಡಾಕ್ಟರು ನೋಡೋಕೆ ಬರ್ತಾರೆ. ಅಷ್ಟರೊಳಗೆ ಓಡದಿದ್ರೆ ಅಂಚೇ ಬೇಡ, ಸುತ್ತ ಕಪ್ಪು ಪಟ್ಟಿ ಹಾಕಿ ಮುಗಿಸಿ," ಎಂದರು. ಅಂಚೇ ಬೇಡವಾದ ಆಫೀಸಿನಲ್ಲಿ ಅಂಚಕ್ಕ ಯಾತಕ್ಕೆ? ಇಷ್ಟು ದಿನ ಬಿಡಿಬಿಡಿಯಾಗಿದ್ದ ಅನುಮಾನ ಆ ಮಾತಿನಿಂದ ಒಂದೇ ದಾರಕ್ಕೆ ಪೋಣಿಸಿಕೊಂಡಿತು.

ಮನೆಯಲ್ಲಿ ಅತ್ತೆಯ ಮುಂದೆ ಎಲ್ಲವನ್ನೂ ಸುರಿದಳು.

"ಗುಂಡಿರಾಯ ಅಂದ್ರೆ? ಗುಂಡಿ ಹೊಲಿಯೋನೋ, ಗುಂಡಿ ತೋಡೋನೋ?" ಎಂದರು ಅತ್ತೆ.

"ತೋಡೋನೇ ಅತ್ತೆ. ನನಗೋಸ್ಕರಾನೇ ತೋಡ್ತಿದ್ದಾನೆ."

"ಕಣ್ಣಾರೆ ಕಂಡ್ಯಾ?"

"ಕಾಣೋದೇನು, ನಾನು ಹೋದ್ರೆ ಪರದೆ ತಿರುಗಿಸ್ತಾನೆ."

"ನನ್ನ ಮಗನೂ ನೀನು ಬಂದ್ರೆ ಪೇಪರ್ ಮುಖಕ್ಕೆ ಅಡ್ಡ ಹಿಡೀತಾನೆ. ಅವನೇನು ಕದ್ದಿದ್ದಾನೆ?"

"ಅದನ್ನೂ ಒಂದಿನ ವಿಚಾರಿಸ್ಬೇಕು."

ಆಮೇಲೆ ಕಣ್ಣು ಮುಚ್ಚಿ ಕೂತು, ಸತ್ಯ ಹೊರಗೆ ಬರಲಿ ಎಂದು ದೇವರನ್ನು ಬೇಡಿಕೊಂಡಳು. ಯಾವ ಸತ್ಯ ಎಂದು ಬಿಡಿಸಿ ಹೇಳಲಿಲ್ಲ. ದೇವರಿಗೆ ಗೊತ್ತೇ ಇರುತ್ತದೆ ಎಂದುಕೊಂಡಳು.

ಬೆಳಿಗ್ಗೆ ಚೀಲ ಮೇಜಿನ ಮೇಲಿಡುವ ಮೊದಲೇ ಯಜಮಾನರ ಕೋಣೆಗೆ ಹೋದಳು. "ಅವನು ಬೇಕೂಂತಲೇ ನನ್ನ ಕೆಲಸ ಕೆಡಿಸ್ತಿದ್ದಾನೆ, ಸಾರ್."

ಯಜಮಾನರು ಗುಂಡಿರಾಯನನ್ನು ಕರೆಸಿದರು. "ಅಂಚಕ್ಕ ಸುಳ್ಳು ಹೇಳೋರಲ್ಲ. ಇದು ನಿಜವಾದ್ರೆ ಇವತ್ತೇ ನೀನು ಮನೆಗೆ."

ಅವನ ಮನೆಯಲ್ಲಿ ಮೂರು ತಿಂಗಳ ಕೂಸು ಇರುವುದು ಆಫೀಸಿಗೆಲ್ಲ ಗೊತ್ತಿತ್ತು. "ಅವರು ಬೀಗ ತೆಗೀಲಿ ಸಾರ್. ಅಷ್ಟೇ ಕೇಳ್ತೀನಿ."

"ತೆಗೀರಿ ಅಂಚಕ್ಕ," ಎಂದ ಯಜಮಾನರು ಫೋನ್ ಬಂತೆಂದು ಹೊರಗೆ ಹೋದರು.

ಇಬ್ಬರೂ ಗುಂಡಿರಾಯನ ಮೇಜಿಗೆ ಬಂದು ಕೂತರು. ಅಂಚಕ್ಕ ಎಡಗೈ ಅಡ್ಡ ಹಿಡಿದು, ಬಲಗೈಯಲ್ಲಿ ಪಾಸ್‌ವರ್ಡ್ ಒತ್ತಿದಳು. ಅದು ಅವಳ ಇಷ್ಟದೇವರ ಹೆಸರು. ಫೈಲ್ ತೆರೆದುಕೊಂಡಿತು. ಒಂದರ ಮೇಲೊಂದು ಹಾಸಿದ ಪದರಗಳ ಪಟ್ಟಿಯಲ್ಲಿ ಬಳ್ಳಿ ಇತ್ತು, ಎಲೆ ಇತ್ತು, ಮೊಗ್ಗು ಇತ್ತು. ಎಲ್ಲಕ್ಕಿಂತ ಮೇಲೆ 'ಹಾಳೆ' ಎಂದಿತ್ತು. ಗುಂಡಿರಾಯ ಅದರ ಮೇಲೆ ಬೆರಳಿಟ್ಟ.

ಅದು ಅವಳ ಹಳೆಯ ರೂಢಿ. ಬಟ್ಟೆಯ ಮೇಲೆ ಬರೆಯುವಾಗ ಬೆವರಿದ ಕೈ ತಾಗಿ ಗೆರೆ ಕದಡದಿರಲೆಂದು ಮೇಲೊಂದು ತೆಳು ಹಾಳೆ ಹಾಸುತ್ತಿದ್ದಳು. ಕಂಪ್ಯೂಟರಿನಲ್ಲಿ ಬೆವರು ತಾಗುವುದಿಲ್ಲ ಎಂದು ಗೊತ್ತಿದ್ದರೂ, ಬಣ್ಣವಿಲ್ಲದ ಪಾರದರ್ಶಕ ಹಾಳೆಯೊಂದನ್ನು ಮೇಲೆ ಹಾಸದೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ.

"ಅದರಲ್ಲಿ ಏನೂ ಇಲ್ಲ ಕಣೋ."

"ಕಣ್ಣಿಗಿಲ್ಲ ಅಕ್ಕಾ, ಮೌಸಿಗಿದೆ. ಒತ್ತಿದ್ದೆಲ್ಲ ಹಾಳೆ ಮೇಲೇ ಬೀಳುತ್ತೆ. ಗುಂಡಿವರೆಗೂ ಹೋಗೋದೇ ಇಲ್ಲ." ಅವನು ಹಾಳೆ ತೆಗೆದು ಗುಂಡಿ ಒತ್ತಿದ. ಬಳ್ಳಿಗಳ ನಡುವೆ ಮುದುಕರೊಬ್ಬರು ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

"ಹಿಂದಿನ ಡಿಸ್ಕುಗಳೆಲ್ಲ ಓಡಿದ್ವಲ್ಲ?"

"ಪ್ರತಿ ಸಲವೂ ಹಾಳೆ ಇರ್ತಿತ್ತು. ನಾನೇ ತೆಗೆದು ಜೋಡಿಸ್ತಿದ್ದೆ. ನಿಮ್ಮ ಕೆಲಸಕ್ಕೆ ಕೈ ಹಾಕೋದು ನೀವು ನೋಡಿದ್ರೆ ನೊಂದ್ಕೊಳ್ತೀರಿ ಅಂತ ಪರದೆ ತಿರುಗಿಸ್ತಿದ್ದೆ. ಆಮೇಲೆ ನೀವು ಬೀಗ ಹಾಕಿದ್ರಿ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಮೂಗುತಿ ಮಾತಿಗೇ ತಿಂಗಳು ಮುಖ ತಿರುಗಿಸಿದ್ರಿ. ಅಲ್ಲದೆ, ಬೀಗದೊಳಗೆ ಇದೇ ಇದೆ ಅಂತ ನೋಡದೆ ಹೇಗೆ ಹೇಳ್ಲಿ?"

ನೋಡದೆ ಹೇಗೆ ಹೇಳಲಿ. ಅಂಚಕ್ಕನ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಯಜಮಾನರು ಒಳಗೆ ಬಂದು, ವಿಡಿಯೋ ಓಡುವುದನ್ನು ನೋಡಿ ತೊಡೆ ತಟ್ಟಿದರು. "ಹೆದರಿಸಿದ್ದಕ್ಕೆ ದಾರಿಗೆ ಬಂದ ನೋಡಿ! ಏನೋ, ಡಾಕ್ಟರು ಹೋದ ಮೇಲೆ ನಿನ್ನ ವಿಷಯ ಇತ್ಯರ್ಥ ಮಾಡ್ತೀನಿ."

ಗುಂಡಿರಾಯ ಕೀಬೋರ್ಡ್ ನೋಡುತ್ತಾ ಸುಮ್ಮನೆ ಕೂತಿದ್ದ. ಅಂಚಕ್ಕನೂ ಸುಮ್ಮನಿದ್ದರೆ ಮುಗಿಯುತ್ತಿತ್ತು. ಅಂಚು ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಅವಳು ಎದ್ದು ನಿಂತಳು.

"ಇತ್ಯರ್ಥ ನನ್ನದು ಮಾಡಿ ಸಾರ್. ಅಡ್ಡ ಹಾಸಿದ್ದೂ ನಾನೇ, ಬೀಗ ಹಾಕಿದ್ದೂ ನಾನೇ. ಅವನು ಏನೂ ಮಾಡಿಲ್ಲ."

"ಬೆಳಿಗ್ಗೆ ಹೇಳಿದ್ದು?"

"ನೋಡದೆ ಹೇಳಿದ್ದು. ಸುಳ್ಳೇ ಆಯ್ತು."

ಯಜಮಾನರು ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದರು. "ಇನ್ಮೇಲೆ ಯಾವ ಫೈಲಿಗೂ ಬೀಗ ಬೇಡ," ಎಂದಷ್ಟೇ ಹೇಳಿ, ಡಾಕ್ಟರರ ಕಾರು ಬಂತೇ ಎಂದು ಕಿಟಕಿಯ ಕಡೆ ಹೋದರು.

ಅಂಚಕ್ಕ ಮತ್ತೆ ಕೂತಳು. ಓರೆಗಣ್ಣಿನಲ್ಲಿ ಅವನನ್ನು ನೋಡಿದಳು.

"ಹಾಳೆ ಬಿಟ್ಟು ಇನ್ನೇನೇನು ತೆಗೆದಿದ್ದೀಯ?"

"ಹೋದ ಡಿಸ್ಕಿನಲ್ಲಿ, ಎಡಮೂಲೆಯ ಎರಡು ಎಲೆ. ಗುಂಡಿ ಮೇಲೆ ಬರ್ತಿತ್ತು."

"ಎರಡೇನಾ?"

"ಮೂರು."

ಅವಳು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು. "ತೆಗಿ ಆ ಫೈಲ್. ಯಾವ ಮೂರು, ತೋರಿಸು."