ಹಾರಲೆಂದು ಹೊಲಿದ ಪಾಯಜಾಮ

ನಾನು ಹೊಲಿದುಕೊಟ್ಟ ಸೂಪರ್‌ಹೀರೊ ವೇಷವನ್ನು ನನ್ನನ್ನು ಕೇಳದೆ ಕತ್ತರಿಸಿ, ಐದನೆಯ ತರಗತಿಯ ಹುಡುಗಿಯೊಬ್ಬಳನ್ನು ಕಂಡು ಸಭೆಯೆಲ್ಲ ನಗುವಂತೆ ಮಾಡಿದರು. ಮಾಡಿದವರು ಮರೆತಿದ್ದಾರೆ. ನಾನು ಮರೆತಿಲ್ಲ.

ಜೇವರ್ಗಿಯಲ್ಲಿ ಹೊಲಿಗೆ ಶಿಕ್ಷಕಿಯಾಗಿದ್ದು ನಿವೃತ್ತಳಾದ ಮೇಲೆ ಆಳಂದದಲ್ಲಿ ಒಬ್ಬಳೇ ಇದ್ದೇನೆ. ಪಕ್ಕದ ಮನೆಯ ಆ ಹುಡುಗಿ ಶಾಲೆ ಬಿಟ್ಟೊಡನೆ ನನ್ನಲ್ಲಿಗೆ ಬರುತ್ತಿದ್ದಳು. ಶಾಲೆಯ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ನಾಟಕದಲ್ಲಿ ಮೂವರು ಸೂಪರ್‌ಹೀರೊಗಳು ಮೇಜಿನಿಂದ ಹಾರಿ ಊರನ್ನು ಕಾಪಾಡಬೇಕಿತ್ತು: ಇಬ್ಬರು ಹುಡುಗರು, ಮತ್ತೆ ಇವಳು. ಹದಿನೈದು ದಿನ ನನ್ನ ಮಂಚದಿಂದ ಹಾರಿ ಹಾರಿ ಅಭ್ಯಾಸ ಮಾಡಿದಳು. "ಆಯಿ, ನೀ ನೋಡಾಕತ್ತಿ ಹೌದಿಲ್ಲೋ?" ಎಂದು ಪ್ರತಿ ಸಲವೂ ಕೇಳುತ್ತಿದ್ದಳು.

ನಾಟಕದ ಉಸ್ತುವಾರಿ ಹೊತ್ತ ಮಾಸ್ತರರು ಮೊಬೈಲಿನಲ್ಲಿ ಚಿತ್ರ ತೋರಿಸಿದ್ದರು. ಹುಡುಗರಿಗೆ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಬಟ್ಟೆ, ಎದೆಗೆ ಹತ್ತಿ ತುಂಬಿದ ಉಬ್ಬು. ಹುಡುಗಿಗೆ ತೋಳಿಲ್ಲದ ಅಂಗಿ, ಗಿಡ್ಡ ಲಂಗ. ನಾನು ಮೂವರಿಗೂ ಒಂದೇ ಬಗೆಯ ಪಾಯಜಾಮ ಹೊಲಿದು, ಮೊಣಕಾಲಿಗೆ ಎರಡು ಪದರ ಬಟ್ಟೆ ಕೊಟ್ಟೆ. ಒಯ್ಯಲು ಬಂದ ಮಾಸ್ತರರು ಹುಬ್ಬು ಗಂಟಿಕ್ಕಿದರು.

"ಇದೇನ್ರಿ ಟೀಚರ್, ಚಿತ್ರದಾಗ ಹಿಂಗಿಲ್ಲಲ್ಲ?"

"ಚಿತ್ರದಾಕಿ ಹಾರೂದಿಲ್ರಿ. ಈಕಿ ಹಾರಬೇಕು."

"ಹುಡುಗಿ ಅಂದ್ರ ಜರಾ ಚಂದ ಕಾಣಬೇಕಲ್ರಿ."

"ಮತ್ತ ಹುಡುಗ್ರು?"

"ಅವ್ರು ಹೀರೊಗಳಿದ್ದಾರ್ರಿ," ಎಂದು ನಕ್ಕು, ಗಂಟು ಎತ್ತಿಕೊಂಡು ಹೋದರು.

ಗ್ಯಾದರಿಂಗಿನ ದಿನ ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಹುಡುಗರಿಬ್ಬರೂ ದಡಕ್ಕನೆ ಹಾರಿದರು. ಇವಳು ಮೇಜಿನ ಮೇಲೆ ನಿಂತೇ ಇದ್ದಳು. ಪಾಯಜಾಮದ ಕಾಲಿನ ಹೊಲಿಗೆ ಬಿಚ್ಚಿ, ಮೊಣಕಾಲಿನ ಮೇಲಕ್ಕೆ ಕತ್ತರಿಸಿ, ಪಿನ್ನು ಚುಚ್ಚಿ ಲಂಗ ಮಾಡಿದ್ದರು. ಎರಡೂ ಕೈಯಿಂದ ಅದರ ಅಂಚನ್ನು ಒತ್ತಿಹಿಡಿದು ಅವಳು ಮೇಜಿನ ತುದಿಯಲ್ಲಿ ಕುಳಿತಳು. ಮೆಲ್ಲಗೆ ಕೆಳಗೆ ಜಾರಿದಳು.

"ಏ ಬೇ, ಏಣಿ ತರ್ಲೇನು?" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ಪರದೆಯ ಪಕ್ಕದಲ್ಲಿದ್ದ ಮಾಸ್ತರರೂ ನಕ್ಕರು, ನಾನು ನೋಡಿದೆ.

ಮರುದಿನ ಅವಳು ವೇಷವನ್ನು ಮಡಚಿ ತಂದು ಮಂಚದ ಮೇಲಿಟ್ಟಳು.

"ಆಯಿ, ನೀ ಅಲ್ಲೇ ಇದ್ದಿ? ನೋಡ್ದಿ?"

"ನೋಡ್ದೆ," ಅಂದೆ. ಇಲ್ಲ ಎನ್ನಬಹುದಿತ್ತು.

ಅಂದಿನಿಂದ ಅವಳು ಬಂದಿಲ್ಲ. ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟೆ, ಒಂಬತ್ತು. ಬಿಚ್ಚಿದ ಹೊಲಿಗೆಯನ್ನು ಮತ್ತೆ ಹಾಕಿದ್ದೇನೆ. ಕತ್ತರಿಸಿದ ಕಾಲುಗಳು ಮಾತ್ರ ಸಿಗಲಿಲ್ಲ. ಸಂಜೆ ಶಾಲೆಯ ಗಂಟೆ ಕೇಳಿಸಿದರೆ ಈಗಲೂ ಮಂಚದ ಮೇಲಿನ ಬಟ್ಟೆಗಳನ್ನು ಸರಿಸಿ ಜಾಗ ಮಾಡುತ್ತೇನೆ.

ಮಾಸ್ತರರೆ, ಎರಡೂ ಕೈಯಿಂದ ಲಂಗ ಹಿಡಿದುಕೊಂಡವಳು ಯಾವ ಕೈಯಿಂದ ಊರನ್ನು ಕಾಪಾಡಬೇಕಿತ್ತು?