ಗುಂಡಿನ ಡಬ್ಬಿಯ ಮೇಲೆ ವಾರಗಿತ್ತಿ

ನನ್ನ ವಾರಗಿತ್ತಿಯ ಮುಖವನ್ನು ನೀವು ನೋಡಿರಬಹುದು. ಮನೆಯಲ್ಲಿ ಶೂಟಿಂಗ್ ಕಲಿಯುವವರಿದ್ದರಂತೂ ನೋಡಿಯೇ ಇರುತ್ತೀರಿ. ಐವತ್ತು ಗುಂಡು ಹಿಡಿಸುವ ಚಿನ್ನದ ಬಣ್ಣದ ಡಬ್ಬಿ, ಮುಚ್ಚಳದ ಮೇಲೆ ನಗುವ ಒಬ್ಬ ಹೆಂಗಸು, ಪಕ್ಕದಲ್ಲಿ ದೊಡ್ಡದಾಗಿ ಏಳು ಎಂಬ ಅಂಕಿ. ಆ ನಗು ಅವಳದು, ಏಳು ಅವಳ ಮೇಜಿನ ನಂಬರು. ಅವಳಿಗೆ ಪ್ಯಾಕಿಂಗ್ ಕೆಲಸ ಕಲಿಸಿದವಳು ಪಕ್ಕದ ಆರನೇ ಮೇಜಿನ ನಾನು. ಮೈದುನನನ್ನು ಮದುವೆಯಾಗಿ ಬಂದ ವರ್ಷವೇ ಕೈಹಿಡಿದು ಕಾರ್ಖಾನೆಗೆ ಕರೆದುಕೊಂಡು ಹೋದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ.

ನಮ್ಮಲ್ಲಿ ತಯಾರಾಗುವುದು ರಿಮ್‌ಫೈರ್ ಗುಂಡು. ಸಣ್ಣ ರೈಫಲ್‌ಗೆ ಹಾಕುವಂಥದ್ದು, ಕಿರುಬೆರಳಿನ ಅರ್ಧದಷ್ಟು ಉದ್ದ. ಹಿತ್ತಾಳೆ ಕೊಳವೆಯ ಬುಡದ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುತ್ತದೆ. ಮೂತಿ ಸೀಸದ್ದು, ಮೇಲೆ ತೆಳ್ಳಗೆ ಮೇಣ. ಉಗುರು ತಾಗಿದರೂ ಗೀರು ಬೀಳುತ್ತದೆ, ಗೀರು ಬಿದ್ದದ್ದು ಗುರಿ ಬಿಟ್ಟು ತನ್ನಿಷ್ಟಕ್ಕೆ ಹೋಗುತ್ತದೆ. ಹಾಗಾಗಿ ನಾವು ಉಗುರು ಬೆಳೆಸುವಂತಿಲ್ಲ, ಉಂಗುರ ತೊಡುವಂತಿಲ್ಲ. ಒಂದೊಂದನ್ನೂ ಬುಡದಲ್ಲಿ ಹಿಡಿದು ಟ್ರೇಯ ತೂತಿಗೆ ಇಳಿಸಬೇಕು.

ಒಂದೇ ಯಂತ್ರದಿಂದ ಬಂದರೂ ಗುಂಡುಗಳ ಹಣೆಬರಹ ಬೇರೆ ಬೇರೆ. ಒಂದು ಸಲಕ್ಕೆ ತಯಾರಾದ ರಾಶಿಗೆ ಒಂದು ಲಾಟ್ ನಂಬರ್. ಪ್ರತಿ ಲಾಟ್‌ನಿಂದ ಒಂದಷ್ಟು ತೆಗೆದು ಪರೀಕ್ಷೆಯ ಕೋಣೆಯಲ್ಲಿ ಹೊಡೆದು ನೋಡುತ್ತಾರೆ. ಎಲ್ಲವೂ ಒಂದೇ ತೂತಿನಲ್ಲಿ ಹೊಕ್ಕರೆ ಚಿನ್ನದ ಡಬ್ಬಿ, ಚದುರಿದರೆ ನೀಲಿ ಡಬ್ಬಿ. ಶೂಟರ್‌ಗಳೂ ಕಡಿಮೆಯವರಲ್ಲ. ತಮ್ಮ ತಮ್ಮ ರೈಫಲ್ ಹೊತ್ತು ತಂದು, ಕಬ್ಬಿಣದ ಇಕ್ಕಳಕ್ಕೆ ಬಿಗಿದು, ಹತ್ತಾರು ಲಾಟ್ ಹೊಡೆದು ನೋಡಿ, ಬದನೆಕಾಯಿ ಆರಿಸುವವರ ಹಾಗೆ ಮೂಗು ಮುರಿಯುತ್ತಾರೆ.

ಪ್ರತಿ ಡಬ್ಬಿಯೊಳಗೂ ತುಂಬಿದವಳ ಮೇಜಿನ ನಂಬರಿರುವ ಚೀಟಿ ಇಡಬೇಕು. ದೂರು ಬಂದರೆ ಯಾರ ಕೈಕೆಲಸ ಎಂದು ಹಿಡಿಯಲು ಈ ಏರ್ಪಾಡು. ಒಬ್ಬರ ಚೀಟಿಯನ್ನು ಇನ್ನೊಬ್ಬರು ಹಾಕಿದರೆ ಮೇಜಿನಿಂದಲೇ ಎಬ್ಬಿಸುತ್ತಾರೆ. ಗೋಡೆಯ ಮೇಲೆ ಬರೆದೇ ಇದೆ. ಆ ಚೀಟಿಯಿಂದ ಯಾರಿಗಾದರೂ ಹೊಗಳಿಕೆ ಬಂದೀತೆಂದು ನಾವು ಎಣಿಸಿರಲಿಲ್ಲ.

ಎರಡು ವರ್ಷದ ಹಿಂದೆ ದೊಡ್ಡ ಪಂದ್ಯ ಗೆದ್ದ ಹುಡುಗಿಯೊಬ್ಬಳು ಖಾಲಿ ಡಬ್ಬಿಯನ್ನೂ ಒಳಗಿನ ಚೀಟಿಯನ್ನೂ ಕಾರ್ಖಾನೆಗೆ ಕಳಿಸಿದಳು. ‘ಏಳನೇ ನಂಬರಿನವರಿಗೆ ನನ್ನ ಪದಕದಲ್ಲಿ ಪಾಲಿದೆ’ ಎಂದು ಬರೆದಿದ್ದಳು. ಮಾರಾಟ ವಿಭಾಗದ ಸಾಹೇಬರಿಗೆ ಅಷ್ಟೇ ಸಾಕಾಯಿತು. ವಾರಗಿತ್ತಿಯ ಫೋಟೊ ತೆಗೆಸಿದರು, ಹೊಸ ಮುಚ್ಚಳ ಅಚ್ಚಾಯಿತು. ಶೂಟರ್‌ಗಳು ಅದೃಷ್ಟ ಹೋದೀತೆಂದು ಗೆದ್ದ ದಿನದ ಕಾಲುಚೀಲವನ್ನೂ ಒಗೆಯದ ಜನ. ‘ಏಳು ಕೊಡಿ, ಏಳೇ ಕೊಡಿ’ ಎಂದು ಮುಗಿಬಿದ್ದರು. ಅವಳೊಬ್ಬಳೇ ಎಷ್ಟು ತುಂಬಿಯಾಳು? ಎಲ್ಲ ಮೇಜಿನವರೂ ತುಂಬುವುದು, ಅವಳು ಕೊನೆಗೊಮ್ಮೆ ಕಣ್ಣಾಡಿಸುವುದು ಎಂದಾಯಿತು. ದಿನಕ್ಕೆ ಮುನ್ನೂರು ಸಲ ಅವಳ ಮುಖವಿರುವ ಮುಚ್ಚಳವನ್ನು ನಾನೇ ಒತ್ತಿ ಹಾಕಬೇಕು. ಮನೆಗೆ ಹೋದರೆ ಅಡುಗೆಮನೆಯಲ್ಲೂ ಅದೇ ಮುಖ. ನನ್ನ ಗಂಡನೋ, “ಬಾರಮ್ಮ ನಮ್ಮನೆ ಸ್ಟಾರು” ಎಂದು ಅವಳಿಗೆ ಕುರ್ಚಿ ಎಳೆದುಕೊಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ಧಗಧಗ ಉರಿಯಿತು.

ಆ ಖಾಲಿ ಡಬ್ಬಿಯನ್ನು ಮುಂದಿನ ಹಜಾರದ ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಮೊನ್ನೆ ಮೊನ್ನೆ ಒಂದು ದಿನ ಅದರ ಲಾಟ್ ನಂಬರ್ ಓದಿದೆ. ನಾನು ಮರೆಯುವಂಥ ನಂಬರಲ್ಲ ಅದು. ಆ ಲಾಟ್ ತುಂಬಿದ ದಿನ ಅವಳು ಹಲ್ಲುನೋವೆಂದು ರಜೆ ಹಾಕಿದ್ದಳು. ನನ್ನ ಚೀಟಿಗಳು ಮುಗಿದಿದ್ದವು. ಹೊಸ ಕಟ್ಟು ಬರುವುದು ಊಟದ ಮೇಲೆ, ಲಾಟ್ ಮುಗಿಯಬೇಕಾದ್ದು ಊಟಕ್ಕೆ ಮುಂಚೆ. ಅವಳ ಖಾನೆಯಿಂದ ಏಳನೇ ಚೀಟಿ ತೆಗೆದು ನನ್ನ ಡಬ್ಬಿಗಳಿಗೆ ಹಾಕಿದ್ದೆ. ಅವಸರದ ಕೆಲಸ, ದೂರು ಬಂದರೆ ಅವಳ ತಲೆಗೇ ಬರಲಿ ಎಂಬ ಸಣ್ಣ ಬುದ್ಧಿಯೂ ಇತ್ತು. ದೂರು ಬರಲಿ ಎಂದರೆ ಪದಕ ಬಂತು!

ಮೂರು ದಿನ ಒದ್ದಾಡಿ ನಾಲ್ಕನೇ ದಿನ ಸಾಹೇಬರ ಕೋಣೆಗೆ ನುಗ್ಗಿದೆ.

“ಸಾರ್, ಆ ಡಬ್ಬಿ ತುಂಬಿದ್ದು ನಾನು. ಅವತ್ತು ಅವಳು ರಜೆ. ಮುಚ್ಚಳದ ಮೇಲೆ ಇರಬೇಕಾದ್ದು ನನ್ನ ಮುಖ.”

ಸಾಹೇಬರು ವಾರಗಿತ್ತಿಯನ್ನು ಕರೆಸಿದರು. “ಇವರು ಹೇಳ್ತಿರೋದು ನಿಜವೇನಮ್ಮ?”

ಅವಳು ನನ್ನ ಕಡೆ ಒಮ್ಮೆ ನೋಡಿದಳು. “ಅಕ್ಕ ಏನೋ ಮರೆತಿರಬೇಕು ಸಾರ್. ಅವತ್ತು ಅರ್ಧ ದಿನ ನಾನು ಬಂದಿದ್ದೆ.”

ನನ್ನ ಪಿತ್ತ ನೆತ್ತಿಗೇರಿತು. “ಏನು ಸುಳ್ಳು ಹೇಳ್ತೀಯೇ! ಹಲ್ಲು ಕೀಳಿಸ್ಕೊಂಡು ಮನೇಲಿ ಮಲಗಿದ್ದೆ. ಹಾಜರಿ ಪುಸ್ತಕ ತರಿಸಿ ಸಾರ್, ಗೊತ್ತಾಗುತ್ತೆ.”

ಪುಸ್ತಕ ಬಂತು. ಅವಳ ಹೆಸರಿನ ಮುಂದೆ ಇಡೀ ದಿನ ರಜೆ. ನಾನು ಗೆದ್ದೆ ಎಂದುಕೊಂಡೆ.

“ಹಾಗಾದ್ರೆ ಇವರ ಚೀಟಿ ನೀವು ಹಾಕಿದ್ದು ಖಂಡಿತವೇ?” ಎಂದರು ಸಾಹೇಬರು.

“ಖಂಡಿತ ಸಾರ್, ಈ ಕೈಯಿಂದಲೇ ಹಾಕಿದ್ದೀನಿ!”

“ನಿಯಮ ಗೊತ್ತಲ್ಲ ನಿಮಗೆ?”

ಗೋಡೆಯ ಮೇಲಿನ ಬರಹ ಆಗ ನೆನಪಾಯಿತು. ವಾರಗಿತ್ತಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

ಹೊರಗೆ ಬಂದ ಮೇಲೆ ಅವಳು ಹೇಳಿದಳು: “ಸುಮ್ಮನಿರಬಾರದಿತ್ತಾ ಅಕ್ಕ? ಲಾಟ್ ನಂಬರ್ ನೋಡಿದ ದಿನವೇ ನಂಗೆ ಗೊತ್ತಾಯ್ತು, ನಾನಿಲ್ಲದ ದಿನ ನನ್ನ ಚೀಟಿ ಹಾಕಿದ್ದು ಪಕ್ಕದ ಮೇಜಿನ ನೀನೇ ಅಂತ. ಫೋಟೊ ಬೇಡ ಅನ್ನೋಣ ಅಂದ್ರೆ ಯಾಕೆ ಅಂತ ಕೇಳ್ತಾರೆ. ನಿನ್ನ ಹೆಸರು ಹೇಗೆ ಹೇಳ್ಲಿ?”

ನನ್ನನ್ನು ಆರನೇ ಮೇಜಿನಿಂದ ಎಬ್ಬಿಸಿ ರವಾನೆ ವಿಭಾಗಕ್ಕೆ ಹಾಕಿದರು. ಪೆಟ್ಟಿಗೆಗಳಿಗೆ ಟೇಪ್ ಸುತ್ತುತ್ತೇನೆ. ಮುಚ್ಚಳ ಬದಲಾಗಲಿಲ್ಲ, ಜನ ಆ ಮುಖಕ್ಕೆ ಒಗ್ಗಿದ್ದಾರೆ ಎಂದರು ಸಾಹೇಬರು. ಅವಳು ನನ್ನ ಪರವಾಗಿ ಎರಡು ಸಲ ಅವರ ಬಳಿ ಹೋಗಿ ಬೇಡಿಕೊಂಡಳಂತೆ. ಅಕ್ಕನಿಗೆ ಬೆನ್ನುನೋವು, ಅದಕ್ಕೇ ಜಾಗ ಬದಲಾಯಿಸಿದ್ದಾರೆ ಎಂದು ಮನೆಯಲ್ಲಿ ಹೇಳಿ ನನ್ನ ಮಾನ ಉಳಿಸಿದವಳೂ ಅವಳೇ.

ಮೊದಲು ಅವಳ ಮುಖ ಕಂಡರೆ ಆಗುತ್ತಿರಲಿಲ್ಲ. ಈಗ ಅವಳ ಗುಣ ಕಂಡರೂ ಆಗುವುದಿಲ್ಲ. ಮುಖದ ಜಾಗವನ್ನಾದರೂ ನನ್ನದೆಂದು ಕೇಳಿದ್ದಾಯಿತು. ಗುಣವನ್ನು ಯಾರ ಕೋಣೆಗೆ ನುಗ್ಗಿ ಕೇಳಲಿ?