ಕಮಲಾಪುರದ ನೂರವ್ವ

ಬಾಳೆಗೆ ನೀರು ಬಿಡುವಾಗ ನೂರವ್ವ ಸೀರೆ ಎತ್ತಿಕಟ್ಟಿ ಬರಿಗಾಲಲ್ಲೇ ಕೆಸರಿಗಿಳಿಯುತ್ತಿದ್ದಳು. ಕಮಲಾಪುರ ದಾಟುವ ಬಸ್ಸಿನವರು ಆ ಬಿಳಿಯ ಕಾಲು, ನೀಲಿ ಕಣ್ಣು ನೋಡಿ ಕಿಟಕಿಯಿಂದ ಕತ್ತು ಹೊರಹಾಕುತ್ತಿದ್ದರು. "ಏನ್ ನೋಡ್ತೀರಿ? ಕೆಂಪು ಬಾಳಿಹಣ್ಣ ಬೇಕೇನು?" ಎಂದು ಅವಳು ಕೂಗಿದರೆ ಎಲ್ಲ ಕತ್ತುಗಳೂ ಒಳಗೆ.

ಅವಳ ಹೆಸರು ನೋರಾ. ಊರವರ ಬಾಯಲ್ಲಿ ನೂರವ್ವ. ಐರ್ಲೆಂಡಿನಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಇಂಗ್ಲಿಷ್ ಜಹಗೀರದಾರರ ಹಿರಿಮಗಳು. ಅಲ್ಲಿಗೆ ಓದಲು ಹೋಗಿದ್ದ ನಮ್ಮ ಪಕ್ಕದ ಹೊಲದ ಡಾಕ್ಟರನ್ನು ಮದುವೆಯಾದಳು. ಅಪ್ಪ ಮನೆಯಿಂದ ಹೊರಹಾಕಿದ; ಗಂಡನ ಜೊತೆ ಕಮಲಾಪುರಕ್ಕೆ ಬಂದಳು. ಆಸ್ತಿಯೆಲ್ಲ ತಮ್ಮನ ಪಾಲಾಯಿತು. ನನಗೆ ಇಂಗ್ಲಿಷ್ ಕಲಿಸಿದವಳು ಅವಳೇ. ಆದರೆ ತವರಿನ ವಿಷಯ ಕೇಳಿದರೆ ಕನ್ನಡದಲ್ಲೇ ಉತ್ತರ: "ಭಾಳ ಥಂಡಿ ಮನಿ ಅದು, ಮಗಳ. ಮಂದಿ ನಾಯಿ ಜೋಡಿ ಅಷ್ಟ ಮಾತಾಡ್ತಿದ್ರು."

ಡಾಕ್ಟರು ತೀರಿಕೊಂಡಾಗ ಲಿಂಗಾಯತರ ರೂಢಿಯಂತೆ ಹೊಲದಲ್ಲೇ ಮಣ್ಣು ಮಾಡಿದರು. ಪಕ್ಕದಲ್ಲಿ ತನಗೂ ಜಾಗ ಬಿಡಿಸಿಕೊಂಡಳು. ಮಕ್ಕಳಿರಲಿಲ್ಲ. ಸಂಜೆ ಅಲ್ಲಿ ಕುಳಿತು ಗಂಡನಿಗೆ ಸುದ್ದಿ ಹೇಳುತ್ತಿದ್ದಳು: ಯಾವ ಗಿಡ ಗೊನೆ ಹಾಕಿತು, ಯಾರ ಮನೆಯಲ್ಲಿ ಜಗಳವಾಯಿತು.

ಮುಪ್ಪಿನಲ್ಲಿ ತಮ್ಮ ಸತ್ತ ಸುದ್ದಿ ಬಂತು. ಅವನಿಗೂ ಮಕ್ಕಳಿಲ್ಲ. ಅರಮನೆಯಂಥ ಆ ಮನೆ ಈಗ ನೂರವ್ವನದು. ಆದರೆ ಮನೆತನದ ಹಳೆಯ ಕರಾರಿನಂತೆ ಅವಳೇ ಹೋಗಿ ವಾಸಿಸಬೇಕು. ಇಲ್ಲದಿದ್ದರೆ ಮನೆ ದಾಯಾದಿಗಳಿಗೆ. ಅವರು ಅಲ್ಲೇ ಹಾಸಿಗೆ ಹಿಡಿದಿದ್ದ ಅವಳ ತಂಗಿಯನ್ನು ಹೊರಗೆ ಕಳಿಸುವವರೇ.

"ಹೋಗಬ್ಯಾಡ್ರೀ. ಆ ತಂಗಿ ಒಂದಿನಾನೂ ನಿಮ್ಮನ್ನ ಮಾತಾಡ್ಸಿಲ್ಲ," ಎಂದೆ.

"ಆಕಿಗಿ ಅಪ್ಪನ ಅಂಜಿಕಿ ಇತ್ತು. ಆ ಮನಿಯಿಂದ ಹೊರಗ ಹಾಕಿದ್ರ ಹ್ಯಾಂಗ ಆಗ್ತದ, ನನಗ ಗೊತ್ತದ. ಆಕಿಗಿ ಅದು ಆಗಬಾರದು."

ಹೊರಡುವ ದಿನ ಗಂಡನ ಸಮಾಧಿಯ ಬಳಿ ಬಹಳ ಹೊತ್ತು ನಿಂತಳು.

ಕಲಬುರಗಿಯಲ್ಲಿರುವ ನನಗೆ ಆಗಾಗ ಫೋನು ಮಾಡುತ್ತಿದ್ದಳು. "ತಂಗಿ ಹ್ಯಾಂಗ ಇದ್ದಾರ?" ಎಂದರೆ, "ನಿದ್ದಿ ಮಾಡ್ಲಾಕತ್ತಾಳ. ಯಾವಾಗ್ಲೂ ನಿದ್ದಿ." ತಂಗಿಗಿಂತ ಮೊದಲು, ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲೇ, ನೂರವ್ವನೇ ತೀರಿಹೋದಳು. ಮನೆತನದ ರೂಢಿಯೆಂದು ಅಪ್ಪನ ಪಕ್ಕದಲ್ಲಿ ಹೂತರಂತೆ.

ಅದಕ್ಕೆ ಮುಂಚೆ ಕೊನೆಯ ಸಲ ಅವಳ ಫೋನು ಬಂದಾಗ ನಾನು ಕಲಬುರಗಿಯ ರೋಜಾ ಬಡಾವಣೆಯ ಬಜಾರದಲ್ಲಿದ್ದೆ. "ಗದ್ದಲ ಅದರೀ, ಮನಿಗಿ ಹೋಗಿ ಮಾಡ್ತೀನಿ," ಎಂದೆ.

"ಬ್ಯಾಡ ಮಗಳ. ನೀ ಮಾತಾಡಬ್ಯಾಡ. ಫೋನ್ ಹಂಗ ಕೈಯಾಗ ಹಿಡಕೊಂಡು ಅಡ್ಡಾಡು. ನಾ ಕೇಳ್ತೀನಿ."

ಹೂವಿನವನ ಕೂಗು, ಆಟೋದವರ ಬೈಗುಳಗಳ ನಡುವೆ ಫೋನು ಮುಂದೆ ಹಿಡಿದು ನಡೆದೆ. ಬಳೆಯಂಗಡಿಯ ಹೆಂಗಸು ನಕ್ಕಳು. "ಯಾರದಾರ್ರೀ ಅದರಾಗ?"

"ನಮ್ಮವ್ವ," ಎಂದೆ.

ಆಕೆ ಬಗ್ಗಿ ಫೋನಿಗೆ ಬಾಯಿಟ್ಟು ಕೂಗಿದಳು: "ಅಮ್ಮಾ, ಊಟ ಆಯ್ತೇನ್ರೀ?"

ಆ ಕಡೆಯಿಂದ ಸಣ್ಣ ದನಿ: "ಆಯ್ತವ್ವಾ. ನಿಂದು?"